ನೀಲಿ ಮುಚ್ಚಳ

ಕೆಸರು ತೊಳೆಯುವ ಕೊಠಡಿ, ಕಿಟಕಿ ಪಕ್ಕದ ಮೇಜು
ಸೋಮವಾರ, ಮಾರ್ಚ್ ೧೦, ಊಟದ ವಿರಾಮ

ಪ್ರೀತಿಯ ಚಿಕ್ಕಪ್ಪಾ,

ತಾನು ಮಾಡದ ತಪ್ಪಿಗೆ ನಮ್ಮ ಪ್ರಯೋಗಾಲಯದಲ್ಲಿ ಕೆಸರು ತೊಳೆಯುವ ಅಕ್ಕನನ್ನು ಕೆಲಸದಿಂದ ತೆಗೆಯುತ್ತಿದ್ದಾರೆ. ತಪ್ಪು ಅವಳದಲ್ಲ ಎಂದು ತೆಗೆಯುವವರಿಗೂ ಗೊತ್ತು. ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ನಾನು ಅಲ್ಲೇ ಸುತ್ತು ಹೊಡೆಯುತ್ತಾ ವಿರಾಮ ಮುಗಿಸಿಬಿಡುತ್ತೇನೆ ಎಂಬ ಭಯ.

ಈಗ ಕೇಳುತ್ತೇನೆ. ಸೊಂಟ ಹೇಗಿದೆ? ಮೆಟ್ಟಿಲಿಳಿಯುವಾಗ ಮೊಣಕಾಲು ಲಟಲಟ ಅನ್ನುವುದು ನಿಂತಿದೆಯೋ, ಇಲ್ಲವೇ ನಿಮ್ಮ ಕೇಬಿನ್ನಿನವರಿಗೆ ಅದೇ ಅಲಾರಂ ಆಗಿದೆಯೋ? ಹಡಗು ಬಂದರಿನ ಹೊರಗೆ ಲಂಗರು ಹಾಕಿ ಸರದಿಗೆ ಕಾಯುತ್ತಿದೆ ಎಂದು ಬಂದರು ಕಚೇರಿಯವರು ಹೇಳಿದರು. ಮೂರನೇ ಮಹಡಿಯಿಂದ ನೋಡಿದರೆ ನಿಮ್ಮ ಹಡಗು ಉಗುರಿನಷ್ಟು ಕಾಣುತ್ತದೆ. ನಾಳೆ ನೀರು, ತರಕಾರಿ ಒಯ್ಯುವ ದೋಣಿಯವನ ಕೈಗೆ ಇದನ್ನು ಕೊಡುತ್ತೇನೆ. ಕ್ಯಾಪ್ಟನ್ನನ ಫೋನಿನಲ್ಲಿ, ಹತ್ತು ಜನರ ನಡುವೆ ನಿಂತು ಕೇಳುವ ಮಾತಲ್ಲ ಇದು. ಚಿಕ್ಕಮ್ಮ ಚೆನ್ನಾಗಿದ್ದಾರೆ. ಹಿಂದಿನ ಕೋಣೆಯ ಬಾಗಿಲು ಉಬ್ಬಿ ಮುಚ್ಚುತ್ತಿರಲಿಲ್ಲ. ಬಡಗಿಯನ್ನು ಕರೆಯುವ ಬದಲು ತಾವೇ ಹತ್ತರಿ ಹೊಡೆದು, ಅಂಚು ಹೆರೆದು ಹೆರೆದು ಈಗ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆಕ್ಕು ನುಗ್ಗುವಷ್ಟು ಸಂದು ಮಾಡಿದ್ದಾರೆ. "ಗಾಳಿ ಆಡತ್ತೆ, ಒಳ್ಳೇದೇ" ಅನ್ನುತ್ತಾರೆ.

ಇನ್ನು ಸುದ್ದಿ. ನೀವು ಇಷ್ಟು ವರ್ಷದಿಂದ ಕಡಲತಳದ ಕೆಸರನ್ನು ಕೊಳವೆಯಲ್ಲಿ ಮೇಲೆತ್ತಿ, ತುಂಡು ಮಾಡಿ, ಮುಚ್ಚಳ ಹಾಕಿ ಕಳಿಸುತ್ತೀರಿ. ಅದು ದಡಕ್ಕೆ ಬಂದ ಮೇಲೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಿದವರಲ್ಲ. ಕೇಳಿದ್ದರೆ ನಾನು ಊಟ ಆರುವ ತನಕ ಹೇಳುತ್ತಿದ್ದೆ, ಬಹುಶಃ ಅದಕ್ಕೇ ಕೇಳಲಿಲ್ಲ. ಇಲ್ಲಿ ಕೊಳವೆಯನ್ನು ಉದ್ದಕ್ಕೆ ಎರಡು ಸೀಳು ಮಾಡುತ್ತೇವೆ. ಒಂದು ಸೀಳು ಹಾಗೇ ತಣ್ಣನೆಯ ಕೋಣೆಗೆ ಹೋಗುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದರಿಂದ ಬೆರಳಗಲ ಬೆರಳಗಲಕ್ಕೆ ಚಮಚೆಯಷ್ಟು ಕೆಸರು ತೆಗೆದು ಒಂದೊಂದು ಡಬ್ಬಿಗೆ ಹಾಕಿ ತೊಳೆಯುವ ಅಕ್ಕನ ಕೈಗೆ ಕೊಡುತ್ತೇವೆ. ಅವಳು ಅದನ್ನು ರೇಷ್ಮೆಯಷ್ಟು ನಯವಾದ ಜರಡಿಯಲ್ಲಿ ಸಣ್ಣಗೆ ನೀರು ಬಿಟ್ಟು ತೊಳೆಯುತ್ತಾಳೆ. ಕೆಸರು ಹರಿದುಹೋಗಿ ಚಿಟಿಕೆ ಮರಳು ಉಳಿಯುತ್ತದೆ. ಅದು ಮರಳಲ್ಲ. ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದೊಂದೂ ಒಂದು ಮನೆ. ಫೊರಾಮ್ ಎಂದು ಅವುಗಳ ಹೆಸರು, ಒಂದೇ ಕೋಶದ ಜೀವಿಗಳು. ಸಾಯುವ ತನಕ ಸುಣ್ಣದ ಕೋಣೆಗೆ ಕೋಣೆ ಜೋಡಿಸುತ್ತಾ ಹೋಗಿ, ಸತ್ತ ಮೇಲೆ ಮನೆಯನ್ನು ತಳಕ್ಕೆ ಬಿಟ್ಟುಕೊಡುತ್ತವೆ. ಕೆಲವು ಸೋಪಿನ ನೊರೆಯ ಹಾಗೆ ಗುಳ್ಳೆ ಗುಳ್ಳೆ, ಕೆಲವು ಬಸವನಹುಳುವಿನ ಹಾಗೆ ಸುರುಳಿ. ಬಾಡಿಗೆ ಇಲ್ಲ, ಮಾಲೀಕನಿಲ್ಲ, ಪಕ್ಕದವನ ಕೋಣೆ ಕಿತ್ತುಕೊಳ್ಳುವುದೂ ಇಲ್ಲ. (ಸರಿ, ಭಾಷಣ ನಿಲ್ಲಿಸಿದೆ.)

ಇವುಗಳಲ್ಲಿ ಒಂದು ಜಾತಿ ಇದೆ. ಚಳಿ ನೀರಿನಲ್ಲಿ ಅದರ ಸುರುಳಿ ಎಡಕ್ಕೆ ತಿರುಗುತ್ತದೆ, ಬೆಚ್ಚನೆಯ ನೀರಿನಲ್ಲಿ ಬಲಕ್ಕೆ ತಿರುಗುವವು ಹೆಚ್ಚು. ನನ್ನ ಕೆಲಸ, ಒದ್ದೆ ಮಾಡಿದ ಕೂದಲೆಳೆಯಂಥ ಬ್ರಷ್ಷಿನಿಂದ ಒಂದೊಂದನ್ನೇ ಹೆಕ್ಕಿ ಕಪ್ಪು ಹಲಗೆಯ ಮೇಲೆ ಕೂರಿಸಿ, ಎಡದವು ಎಷ್ಟು, ಬಲದವು ಎಷ್ಟು ಎಂದು ಬರೆಯುವುದು. ಕೆಸರು ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಕೂತಿರುತ್ತದೆಯಲ್ಲ, ಹಾಗಾಗಿ ಕೆಳಗಿನ ಚಮಚೆಯಿಂದ ಮೇಲಿನ ಚಮಚೆಗೆ ಬಂದರೆ ಸಮುದ್ರ ಯಾವಾಗ ತಣ್ಣಗಾಯಿತು, ಯಾವಾಗ ಕಾದಿತು ಎಂದು ತಿಳಿಯುತ್ತದೆ. ಹೋದ ಪ್ರಯಾಣದಲ್ಲಿ ನೀವು ತಂದ ಕೆಸರಿನ ಒಂದು ತುಂಡು ಕೊಳವೆಯಲ್ಲಿ ಲೆಕ್ಕ ತಿರುಗುಮುರುಗಾಗಿ ಬಂತು. ಸಮುದ್ರ ತಣ್ಣಗಾಗಬೇಕಾದ ಕಾಲದಲ್ಲಿ ಇದ್ದಕ್ಕಿದ್ದಂತೆ ಕಾದಿದೆ. ನಮ್ಮ ದೊಡ್ಡವರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಇದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. ಹೊಸದೇನೋ ಸಿಕ್ಕಿತು ಅಂದುಕೊಂಡರು. ದೊಡ್ಡ ಸಭೆಗೆ ಹೋಗಿ ಹೇಳಿಯೂ ಬಂದರು. ಅಲ್ಲಿ ಇನ್ನೊಂದು ಪ್ರಯೋಗಾಲಯದವರು, ಅದೇ ಸಮುದ್ರದ ಪಕ್ಕದ ಕೆಸರನ್ನು ನೋಡಿದವರು, ಎದ್ದು ನಿಂತು, "ನಿಮ್ಮ ಸಮುದ್ರ ತಲೆಕೆಳಗಾಗಿ ನಿಂತಿದೆಯಲ್ಲ ಸ್ವಾಮಿ" ಅಂದರಂತೆ. ಸಭೆ ನಕ್ಕಿತಂತೆ. ಹಾಗೆ ನಗೆಪಾಟಲಾಗಿ ಬಂದ ಮನುಷ್ಯನಿಗೆ ಬೈಯಲು ಒಬ್ಬರು ಬೇಕು. ಬೈಯಲು ಅತಿ ಸುಲಭವಾದವಳು ಗುತ್ತಿಗೆಯ ಮೇಲೆ ಇರುವ ತೊಳೆಯುವ ಅಕ್ಕ. ಅವಳು ಡಬ್ಬಿಗಳನ್ನು ಅದಲುಬದಲು ಮಾಡಿದ್ದಾಳೆ ಎಂದು ತೀರ್ಮಾನವಾಯಿತು. ಮುಂದಿನ ವಾರ ವಿಚಾರಣೆ. ತಪ್ಪು ಒಪ್ಪಿ ಸಹಿ ಹಾಕಿದರೆ ಒಳ್ಳೆಯ ನಡತೆಯ ಪತ್ರ ಕೊಟ್ಟು ಕಳಿಸುತ್ತಾರಂತೆ, ಹಾಕದಿದ್ದರೆ ಅದೂ ಇಲ್ಲ.

ನಾನು ತಣ್ಣನೆಯ ಕೋಣೆಗೆ ಹೋಗಿ, ಯಾರೂ ಮುಟ್ಟದ ಆ ಇನ್ನೊಂದು ಸೀಳನ್ನು ಎಳೆದು ನೋಡಿದೆ. ಅದರ ನಡುವೆ ಜ್ವಾಲಾಮುಖಿಯ ಬೂದಿಯ ಒಂದು ತೆಳು ಪದರ ಇದೆ, ಕಪ್ಪಗೆ. ಬೂದಿ ಬೀಳುವುದು ಒಮ್ಮೆಲೇ. ಆದ್ದರಿಂದ ಅದರ ಕೆಳಗಿನ ಅಂಚು ಅಡಿಕೋಲಿಟ್ಟು ಗೀಟೆಳೆದಂತೆ ಇರುತ್ತದೆ. ಆಮೇಲೆ ತಳದ ಹುಳುಗಳು ಬಂದು ತೋಡಿ, ಕಲಸಿ ಹಾಕುವುದರಿಂದ ಮೇಲಿನ ಅಂಚು ಮಸುಕಾಗುತ್ತದೆ. ಈ ಕೊಳವೆಯಲ್ಲಿ ಗೀಟಿನಂಥ ಅಂಚು ಮೇಲಿದೆ, ಮಸುಕು ಕೆಳಗಿದೆ. ಡಬ್ಬಿ ಅದಲುಬದಲಾದರೆ ಕೊಳವೆಯೊಳಗಿನ ಬೂದಿ ಮಗುಚಿಕೊಳ್ಳುವುದಿಲ್ಲ. ಇಡೀ ತುಂಡೇ ತಲೆಕೆಳಗಾಗಿದೆ. ಅದನ್ನು ತಿರುಗಿಸಿ ಓದಿದರೆ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಕೀಲು ಕೂತ ಹಾಗೆ ಕೂರುತ್ತದೆ. ದಡದಲ್ಲಿ ನಾವು ಮುಚ್ಚಳ ನೋಡಿ ನಂಬುತ್ತೇವೆ: ನೀಲಿ ಮುಚ್ಚಳವಿದ್ದ ಕಡೆ ಮೇಲು, ಬಿಳಿ ಮುಚ್ಚಳವಿದ್ದ ಕಡೆ ಕೆಳಗು. ಮುಚ್ಚಳ ಹಾಕುವುದು ಹಡಗಿನಲ್ಲಿ.

ನಮ್ಮ ಕೊಠಡಿಯ ಉಸ್ತುವಾರಿಯವರ ಬಳಿ ಹೋಗಿ ಹೇಳಿದೆ. ನನ್ನ ಜೇಬಿನಲ್ಲಿ ಅರ್ಧ ಗಂಟೆಯ ಭಾಷಣ ಸಿದ್ಧವಿತ್ತು. ಅವರು ಚಹಾ ಕುಡಿಯುತ್ತಾ, "ಬೂದಿ ನಂಗೂ ಕಾಣ್ಸತ್ತೆ ಕಣಮ್ಮ, ನಾನೇನು ಕಣ್ಣು ಮಾರ್ಕೊಂಡಿದೀನಾ?" ಅಂದರು. ನನ್ನ ಭಾಷಣ ಅಲ್ಲೇ ಸತ್ತಿತು. ಗೊತ್ತಿಲ್ಲದವರಿಗೆ ತಿಳಿಸುವುದು ಹೇಗೆಂದು ಕಲಿತಿದ್ದೆ, ಗೊತ್ತಿದ್ದೂ ಸುಮ್ಮನಿರುವವರಿಗೆ ಏನು ಹೇಳಬೇಕೆಂದು ನಾನು ಓದುವ ಕಾರ್ಮಿಕ ಸಂಘದ ಯಾವ ಕರಪತ್ರದಲ್ಲೂ ಇಲ್ಲ. "ಹಡಗು ನಮ್ದಲ್ಲ, ಬೇರೆಯವ್ರದ್ದು. ಅವ್ರ ಮೇಲೆ ಬರೀಬೇಕಾದ್ರೆ ಸುಮ್ನೆ ಆಗಲ್ಲ, ಯಾರು ಹಾಕಿದ್ದು ಮುಚ್ಚಳ ಅಂತ ಹೆಸರು ಬೇಕು. ಇದ್ಯಾ ನಿನ್ ಹತ್ರ ಹೆಸರು? ಇಲ್ಲ ತಾನೆ? ಹೋಗು, ಬ್ರಷ್ ಹಿಡ್ಕೊ" ಅಂದರು.

ಹೆಸರು ಹುಡುಕಲು ಹೋದೆ. ಖುಷಿಯಿಂದಲೇ ಹೋದೆ. ಯಾವನೋ ಸೋಮಾರಿ ಅಧಿಕಾರಿ ಸಿಗರೇಟು ಸೇದುತ್ತಾ ಮುಚ್ಚಳ ಒತ್ತಿರಬೇಕು ಎಂದು ಅವನ ಮುಖವನ್ನೂ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಕೊಳವೆಯನ್ನು ಸೀಳಿದ ಮೇಲೂ ಅರ್ಧ ಮುಚ್ಚಳ, ಅದರ ಸುತ್ತಿನ ಅರ್ಧ ಟೇಪು ಹಾಗೇ ಉಳಿದಿರುತ್ತವೆ. ದೀಪ ಹಿಡಿದು ನೋಡಿದೆ. ಉಳಿದ ಕೊಳವೆಗಳಲ್ಲಿ ಅರ್ಧದಷ್ಟರ ಟೇಪು ಬಲಕ್ಕೆ ಸುತ್ತಿದೆ, ಅವು ಇನ್ನೊಂದು ಪಾಳಿಯವರದ್ದಿರಬೇಕು; ಇನ್ನರ್ಧ ಎಡಕ್ಕೆ. ಇದರದ್ದು ಎಡಕ್ಕೆ. ಎಡಕ್ಕೆ ಸುತ್ತಿದ್ದನ್ನು ಗುರುತಿಸುವುದಕ್ಕೇ ನನಗೆ ಸಂಬಳ ಕೊಡುವುದು, ಹಾಗಾಗಿ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಟೇಪಿನ ತುದಿಯನ್ನು ಮಡಚಿ ಸಣ್ಣ ಕಿವಿಯ ಹಾಗೆ ಬಿಟ್ಟಿದ್ದಾರೆ, ಬಿಚ್ಚುವವರ ಉಗುರು ಮುರಿಯದಿರಲಿ ಎಂದು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಅಂಥ ಕಿವಿ ಇರುವ ಡಬ್ಬಗಳು ಸಾಲಾಗಿವೆ. ಪ್ರಪಂಚದಲ್ಲಿ ಬಿಚ್ಚುವವರ ಉಗುರಿನ ಚಿಂತೆ ಮಾಡುವ ಎಡಚರು ಬೇರೆಯೂ ಇರಬಹುದು, ಆದರೆ ಆ ಹಡಗಿನಲ್ಲಿ ಒಬ್ಬರೇ, ನೀವು.

ಆಮೇಲೆ ನಾನು ಅಂದುಕೊಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಅಳುಮೂತಿ ಮಾಡದೆ. ಮೊದಲು ನೀವು ಇಬ್ಬರು ಮುಚ್ಚಳ ಹಾಕುತ್ತಿದ್ದಿರಿ. ಒಬ್ಬರು "ನೀಲಿ ಮೇಲೆ!" ಎಂದು ಕೂಗಬೇಕು, ಇನ್ನೊಬ್ಬರು ಕಣ್ಣಲ್ಲಿ ನೋಡಿ "ಮೇಲೆ ನೀಲಿ!" ಎಂದು ತಿರುಗಿ ಕೂಗಬೇಕು, ಅಲ್ಲಿಯ ತನಕ ಟೇಪು ಮುಟ್ಟುವ ಹಾಗಿಲ್ಲ. ನಾನು ಚಿಕ್ಕವಳಿದ್ದಾಗ ನೀವು ರಜೆಗೆ ಬಂದರೆ ನಾವಿಬ್ಬರೂ ನೀರಿನ ಬಾಟಲಿಗೆ ಮುಚ್ಚಳ ಹಾಕುವಾಗಲೂ ಕೂಗುತ್ತಿದ್ದೆವು. ಆಮೇಲೆ ಒಂದು ಪ್ರಯಾಣದಲ್ಲಿ ಎರಡನೆಯವನನ್ನು ಕಡಿತ ಮಾಡಿದರು. ನೀವು ಊಟಕ್ಕೆ ಕೂತಾಗ ಅದನ್ನು ದೊಡ್ಡ ಹಾಸ್ಯ ಮಾಡಿ ಹೇಳಿದಿರಿ, "ಈಗ ನಾನೇ ಕೂಗ್ತೀನಿ, ನಾನೇ ಓಗೊಡ್ತೀನಿ. ಹೊಸಬರು ನೋಡಿ, ಮುದುಕನಿಗೆ ತಲೆ ಕೆಟ್ಟಿದೆ ಅಂತಾರೆ." ಚಿಕ್ಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ನಗಲಿಲ್ಲ, ಇದು ಅನ್ಯಾಯ, ಪ್ರತಿಭಟಿಸಿ ಅಂದೆ. ನೀವು, "ಬಂತಪ್ಪ ನಮ್ಮ ಕರಪತ್ರ" ಅಂದಿರಿ. ಅಂದಿನಿಂದ ಮನೆಯಲ್ಲಿ ನನಗೆ ಅದೇ ಹೆಸರು.

ಒಬ್ಬರೇ ಆದರೂ ನಿಮ್ಮ ಕೈ ತಪ್ಪುವ ಕೈಯಲ್ಲ. ತಪ್ಪಿದ್ದು ಕೈಯಲ್ಲ, ಚಿಕ್ಕಪ್ಪಾ. ಹೋದ ರಜೆಯಲ್ಲಿ ಚಿಕ್ಕಮ್ಮ ನೀಲಿ ಬಕೆಟ್ ತನ್ನಿ ಅಂದರೆ ಬಿಳಿಯದನ್ನು ತಂದಿರಿ. ಅಂಗಳದ ದೀಪದಲ್ಲಿ ಎಲ್ಲವೂ ಹಳದಿ ಕಾಣುತ್ತದೆ ಎಂದು ಬಲ್ಬು ಬದಲಾಯಿಸಿದಿರಿ, ಅದೂ ಮಬ್ಬೆಂದು ಇನ್ನೊಂದು ಹಾಕಿದಿರಿ. ಬಸ್ಸಿನ ನಂಬರು ನನ್ನಿಂದ ಓದಿಸಿದಿರಿ, ಕನ್ನಡಕ ಮರೆತೆ ಅಂದಿರಿ, ಕನ್ನಡಕ ಜೇಬಿನಲ್ಲೇ ಇತ್ತು. ಕಣ್ಣಿಗೆ ಪೊರೆ ಬಂದರೆ ಅದು ಹಳದಿ ಗಾಜು ಹಾಕಿದ ಹಾಗೆ, ನೀಲಿ ಬಣ್ಣ ಮಂಕಾಗುತ್ತಾ ಹೋಗುತ್ತದೆ ಎಂದು ಆಸ್ಪತ್ರೆಯವರು ಹಂಚುವ ಚೀಟಿಯಲ್ಲಿ ಓದಿದ್ದೇನೆ. (ಹೌದು, ಅದಕ್ಕೂ ಕರಪತ್ರ ಇದೆ.) ಹಡಗಿನ ವಾರ್ಷಿಕ ತಪಾಸಣೆಯ ಅಕ್ಷರದ ಹಲಗೆ ನಿಮಗೆ ಬಾಯಿಪಾಠ ಎಂದು ನೀವೇ ಹೇಳಿದ್ದಿರಿ, ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ ಒಪ್ಪಿಸಿಯೂ ತೋರಿಸಿದ್ದಿರಿ. ಅದನ್ನೂ ಹಾಸ್ಯ ಎಂದುಕೊಂಡೆವು. ಡೆಕ್ಕಿನ ಹಳದಿ ದೀಪದಡಿ, ಅಲುಗಾಡುವ ಹಡಗಿನಲ್ಲಿ, ನೀಲಿ ಯಾವುದು ಬಿಳಿ ಯಾವುದು ಎಂದು ನೀವು ಕೂಗಿದಿರಿ, ನೀವೇ ಓಗೊಟ್ಟಿರಿ.

ಕಣ್ಣಿನ ವಿಷಯ ಗೊತ್ತಾದರೆ ನಿಮ್ಮನ್ನು ದಡಕ್ಕೆ ಇಳಿಸುತ್ತಾರೆ, ನಿಮ್ಮ ವಯಸ್ಸಿನವರನ್ನು ಮತ್ತೆ ಹತ್ತಿಸಿಕೊಳ್ಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ರಜೆಯ ಎರಡನೇ ವಾರಕ್ಕೇ ನೀವು ಮನೆಯೊಳಗೆ ಬೋನಿನಲ್ಲಿಟ್ಟ ಪ್ರಾಣಿಯ ಹಾಗೆ ತಿರುಗುತ್ತೀರಿ, ಅದೂ ಗೊತ್ತು. ಆದ್ದರಿಂದ ನನ್ನ ಕರಪತ್ರದ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಎಲ್ಲದರಲ್ಲೂ ತುಳಿಯುವವನು ಮೇಲಿದ್ದಾನೆ, ತುಳಿಸಿಕೊಳ್ಳುವವನು ಕೆಳಗಿದ್ದಾನೆ. ದುಡಿಯುವವನು ಇನ್ನೊಬ್ಬ ದುಡಿಯುವವನ ಮೇಲೆ ಬೆರಳು ತೋರಿಸಬಾರದು ಎಂದು ದಪ್ಪ ಅಕ್ಷರದಲ್ಲಿದೆ. ಸರಿ, ಒಪ್ಪಿದೆ. ಬೆರಳು ತೋರಿಸದೆ ಸುಮ್ಮನಿದ್ದರೆ ಒಬ್ಬ ದುಡಿಯುವವಳು ಬೀದಿಗೆ ಬೀಳುತ್ತಾಳೆ, ತೋರಿಸಿದರೆ ಇನ್ನೊಬ್ಬ ದುಡಿಯುವವನು. ಆಗ ಏನು ಮಾಡಬೇಕು ಎಂದು ಬರೆದವರು ಯೋಚಿಸಿಲ್ಲ, ಅಥವಾ ಅವರಿಗೆ ಚಿಕ್ಕಪ್ಪ ಇರಲಿಲ್ಲ. ಎರಡನೆಯವನನ್ನು ಕಡಿತ ಮಾಡಿದವರದ್ದೇ ಮೂಲ ತಪ್ಪು ಎಂದು ನಾನು ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಆದರೆ ಮೂಲ ತಪ್ಪಿಗೆ ಟೇಪು ಸುತ್ತಲು ಬರುವುದಿಲ್ಲ.

ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ. ಎಂದಿನ ಹಾಗೇ ಜರಡಿ ತೊಳೆಯುತ್ತಾಳೆ. ಅವಳಿಗೆ ನಾನು ಸೂಜಿಗಣ್ಣಿ. "ಲೇ ಸೂಜಿಗಣ್ಣಿ, ನಿನ್ ಕಾಗದಗಳಲ್ಲಿ ನನ್ನಂಥೋಳ ಸುದ್ದಿ ಇದ್ಯೇನೆ?" ಎಂದು ಬೆಳಿಗ್ಗೆ ಕೇಳಿದಳು. ಇದೆ ಅಂದೆ. "ಕೊನೇಲಿ ಅವಳಿಗೆ ಕೆಲಸ ಸಿಗತ್ತಾ?" ಕೊನೆಯಲ್ಲಿ ಎಲ್ಲರೂ ಒಟ್ಟಾಗಿ ಮೆರವಣಿಗೆ ಹೋಗುತ್ತಾರೆ ಅಂದೆ. ಅವಳು ನಲ್ಲಿ ನಿಲ್ಲಿಸಿ, "ಮೆರವಣಿಗೆ ಮುಗಿದ್ಮೇಲೆ?" ಅಂದಳು. ನಾನು ಬ್ರಷ್ಷಿನ ತುದಿ ಒದ್ದೆ ಮಾಡಿದೆ. ಅವಳೇ ಸಮಾಧಾನ ಮಾಡಿದಳು, "ಹೋಗ್ಲಿ ಬಿಡು. ನಾನೇ ಎಲ್ಲೋ ಡಬ್ಬಿ ತಪ್ಪಿಸಿರಬೇಕು. ಇಷ್ಟು ಓದಿದೋರು ಹೇಳ್ತಾರೆ ಅಂದ್ರೆ." ಚಿಕ್ಕಪ್ಪಾ, ಅವಳು ನಂಬಲು ಶುರು ಮಾಡಿದ್ದಾಳೆ. ಕೆಲಸ ಹೋದರೆ ಬೇರೆ ಹುಡುಕಬಹುದು. ತಪ್ಪು ಮಾಡದ ತನ್ನ ಕೈಯನ್ನು ತಾನೇ ಅನುಮಾನಿಸುತ್ತಾ ಅವಳು ಮುಂದೆ ಯಾವ ಪಾತ್ರೆ ತೊಳೆಯುತ್ತಾಳೆ?

ಮನೆಯಲ್ಲಿ ಮುಚ್ಚಿಡಲು ನೋಡಿದೆ, ಆಗಲಿಲ್ಲ. ಚಿಕ್ಕಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. ಅವರು ಹತ್ತರಿ ಕೆಳಗಿಟ್ಟು, ಆ ಸಂದನ್ನು ಗೇಣು ಹಾಕಿ ಅಳೆದರು. ಆಮೇಲೆ, "ಬಕೆಟ್ಟು ತಂದ ದಿನವೇ ನಂಗೆ ಗೊತ್ತಾಗಿತ್ತು. ಕೇಳಿದ್ರೆ ಸಮುದ್ರ ಬಿಡ್ಬೇಕಾಗತ್ತಲ್ಲ ಆ ಮನುಷ್ಯ, ಅಂತ ನಕ್ಕು ಸುಮ್ಮನಾದೆ" ಅಂದರು. ಪೊರೆ ತೆಗೆಸುವುದು ದೊಡ್ಡ ವಿಷಯವಲ್ಲವಂತೆ, ಪಕ್ಕದ ಬೀದಿಯ ದರ್ಜಿ ತೆಗೆಸಿಕೊಂಡು ಈಗ ಸೂಜಿಗೆ ದಾರ ತಾನೇ ಪೋಣಿಸುತ್ತಾನಂತೆ. ವಿಚಾರಣೆಯಲ್ಲಿ ಬಾಯಿಬಿಡಬೇಡ ಎಂದು ಮಾತ್ರ ನನಗೆ ಅನ್ನಲಿಲ್ಲ.

ನಾನು ಏನು ಮಾಡುತ್ತೇನೆ ಎಂದು ಇನ್ನೂ ತೀರ್ಮಾನಿಸಿಲ್ಲ. ವಿಚಾರಣೆ ಮುಂದಿನ ವಾರ, ಅಷ್ಟರಲ್ಲಿ ನೀವು ಇಳಿದಿರುತ್ತೀರಿ. ಬಾಗಿಲ ಸಂದಿನ ಗಾಳಿಯಲ್ಲಿ ಕೂತು ಮಾತಾಡೋಣ. ಬೈದರೆ ಬೈಸಿಕೊಳ್ಳುತ್ತೇನೆ. ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದರೆ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ. ಕೇಬಿನ್ನಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಅಡುಗೆಯವರಿಗೆ ಒಂದು ಹೆಚ್ಚಿಗೆ. ಮೆಟ್ಟಿಲ ಕಂಬಿ ಹಿಡಿದೇ ಇಳಿಯಿರಿ. ಚಿಕ್ಕಮ್ಮ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾರೆ.

ನಿಮ್ಮ ಕೈಯಲ್ಲೇ ಬೆಳೆದ,
ಕರಪತ್ರ

ಮರೆತ ಮಾತಲ್ಲ, ಈಗ ತಾನೇ ಬಂದದ್ದು: ಲಕೋಟೆ ಅಂಟಿಸುವಾಗ ಗೋಡೆಗೆ ನೋಟೀಸು ಹಚ್ಚಿದರು. ದೊಡ್ಡವರು ಊರಿಗೆ ಹೋಗಬೇಕಂತೆ, ವಿಚಾರಣೆ ಈ ಗುರುವಾರ ಹತ್ತು ಗಂಟೆಗೆ. ಅಕ್ಕ ನೋಟೀಸು ಓದಿ ನನ್ನ ಪೆನ್ನು ಕೇಳಿದಳು, ಸಹಿ ಅಭ್ಯಾಸ ಮಾಡಲು. ಕೊಡಲಿಲ್ಲ. ಹಾಗಾಗಿ ತೀರ್ಮಾನ ಮಾಡಿದ್ದೇನೆ. ನಿಮ್ಮ ಹಡಗಿಗೆ ಬುಧವಾರ ಸಂಜೆ ಜಾಗ ಸಿಗುತ್ತದೆ ಎಂದು ಬಂದರು ಕಚೇರಿಯವರು ಖಚಿತ ಹೇಳಿದರು. ಮನೆಗೆ ಹೋಗಿ, ಉಂಡು, ಮಲಗಿ. ಬೆಳಿಗ್ಗೆ ಬನ್ನಿ. ಎರಡನೆಯವನನ್ನು ಕಡಿತ ಮಾಡಿದ ಮಾತನ್ನು ನಾನು ಹೇಳುತ್ತೇನೆ, ಮುಚ್ಚಳದ ಮಾತನ್ನು ನೀವು ಹೇಳಿ, ಒಬ್ಬರ ಪಕ್ಕ ಒಬ್ಬರು ನಿಂತು. ನೀವು ಬರದಿದ್ದರೆ ಎರಡನ್ನೂ ನಾನೇ ಹೇಳುತ್ತೇನೆ, ಹೆಸರು ಸಮೇತ. ಪ್ರಯೋಗಾಲಯದ ಹಿಂದಿನ ಗೇಟಿನಲ್ಲಿ ಕಾಯುತ್ತಿರುತ್ತೇನೆ, ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ.